ಕೆಂಪು ಬಟ್ಟೆ ಕಟ್ಟಿದ ಟ್ಯಾಂಕಿಗೆ ಸ್ಪ್ಯಾನರ್ ಹಾಕಿಸಿದವರು ಯಾರು?

ಅಬಕಾರಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಕಳೆದ ತಿಂಗಳು ಒಂಬತ್ತನೇ ತಾರೀಖು, ಮಂಗಳವಾರ, ಸಂಜೆ ನಾಲ್ಕೂಕಾಲಿಗೆ ನಿಮ್ಮ ದಾಳಿ ದಳದ ಏಳು ಜನ ನಮ್ಮ ಬೀದಿಯ ಬೀರು ಅಂಗಡಿಗೆ ನುಗ್ಗಿ, ಅದನ್ನು ನಡೆಸುವವನ ಬಲಗೈಯ ನಾಲ್ಕು ಬೆರಳುಗಳನ್ನು ಮುರಿದರು. ಮುರಿದವರು ಮಾರನೆಯ ದಿನವೇ ಇಸ್ತ್ರಿ ಮಾಡಿದ ಸಮವಸ್ತ್ರ ತೊಟ್ಟು ಕೆಲಸಕ್ಕೆ ಹೋದರು. ಮುರಿಸಿಕೊಂಡವನು ಕೊಲೆಯತ್ನದ ಆರೋಪಿಯಾಗಿ ಜೈಲಿನಲ್ಲಿದ್ದಾನೆ. ಬರುವ ಗುರುವಾರ ಅವನ ಜಾಮೀನು ಅರ್ಜಿ ನ್ಯಾಯಾಲಯದ ಮುಂದೆ ಬರುತ್ತದೆ. ಅಷ್ಟರೊಳಗೆ ನೀವು ಬಾಯಿ ಬಿಡಬೇಕು. ಅದಕ್ಕೇ ಪತ್ರಿಕೆಯಲ್ಲಿ ಈ ಬಹಿರಂಗ ಪತ್ರ.

ನಾನು ಪುಸ್ತಕಗಳಿಗೆ ರಟ್ಟು ಹಾಕುವವಳು. ಮೂವತ್ತೆಂಟು ವರ್ಷಗಳಿಂದ ಇದೇ ಬೀದಿಯಲ್ಲಿ, ಅದೇ ಅಂಟಿನ ಬಟ್ಟಲು, ಅದೇ ದಬ್ಬಳ. ನಿಮ್ಮ ಇಲಾಖೆಯ ನಿಯಮಾವಳಿಯೂ ವಾರ್ಷಿಕ ವರದಿಗಳೂ ನನ್ನ ಮೇಜಿನ ಮೇಲೆಯೇ ಹೊಲಿಗೆ ಹಾಕಿಸಿಕೊಂಡು ನಿಮ್ಮ ಕಪಾಟು ಸೇರಿವೆ. ಹೊಲಿಯುವ ಮುನ್ನ ಹಾಳೆಗಳು ಕ್ರಮವಾಗಿವೆಯೇ ಎಂದು ನೋಡಬೇಕಾಗುತ್ತದೆ. ನೋಡುತ್ತ ನೋಡುತ್ತ ಓದಿಬಿಡುವುದು ನನ್ನ ಹಳೆಯ ಚಾಳಿ. ನಿಮ್ಮ ಕಚೇರಿಯಲ್ಲಿ ಆ ಚಾಳಿ ಯಾರಿಗೂ ಅಂಟಿದಂತಿಲ್ಲ.

"ಅಜ್ಜಿ, ಈ ವಯಸ್ಸಲ್ಲಿ ನಿಮಗೆ ಇಲ್ಲೇನು ಕೆಲಸ?" ಎಂದು ನಿಮ್ಮ ದಳದ ಮುಖಂಡರು ಆವತ್ತು ನನ್ನನ್ನು ಕೇಳಿದರು. ಬೀರು ಕುಡಿಯುತ್ತಿದ್ದೆ, ಸ್ವಾಮಿ. ದಿನಕ್ಕೆ ಒಂದೇ ಲೋಟ, ಕೆಲಸ ಮುಗಿಸಿ, ಕೈಯ ಅಂಟು ತೊಳೆದುಕೊಂಡು. ಒಂಬತ್ತು ವರ್ಷದಿಂದ ಕುಡಿಯುತ್ತಿದ್ದೇನೆ. ಅದನ್ನು ಮಾಡುವವನನ್ನು ನಾವು ಹುಳಿಯಣ್ಣ ಎಂದು ಕರೆಯುತ್ತೇವೆ, ಅವನ ಮೊದಲ ಬೀರು ಕುಡಿದ ಬೀದಿಯವರೆಲ್ಲ ಮುಖ ಕಿವುಚಿದ್ದರಿಂದ ಬಂದ ಹೆಸರು. ಹಳೆಯ ಸೈಕಲ್ ರಿಪೇರಿ ಶೆಡ್ಡು. ಮುಂದೆ ಎಂಟು ಬೆಂಚು, ಹಿಂದೆ ನಾಲ್ಕು ಉಕ್ಕಿನ ಟ್ಯಾಂಕು, ನಡುವೆ ಗೋಡೆಯಿಲ್ಲ. ಅವನ ತಂಗಿ ಲೋಟ ತುಂಬಿಸಿ ಕೊಡುತ್ತಾಳೆ. ಬಾರ್ಲಿಯನ್ನು ಅವನೇ ಮೊಳಕೆ ಬರಿಸುತ್ತಾನೆ, ಅವನೇ ಹುರಿಯುತ್ತಾನೆ. ಹುರಿದ ದಿನ ನನ್ನ ಅಂಗಡಿಯ ಕಾಗದಕ್ಕೂ ಆ ವಾಸನೆ ಹತ್ತುತ್ತದೆ. ಹೊಸ ಟ್ಯಾಂಕು ತೆರೆದಾಗ ಮೊದಲ ಲೋಟ ನನ್ನ ಮುಂದಿಡುವುದು ಅಲ್ಲಿಯ ಪದ್ಧತಿ.

"ಅಕ್ಕ, ಕುಡಿದು ಬೈಯಿರಿ."

"ಹೋದ ಸಲಕ್ಕಿಂತ ಕಹಿ ಜಾಸ್ತಿ ಕಣೋ. ಆದರೂ ನಿನ್ನ ಮೋರೆಯಷ್ಟಿಲ್ಲ."

ಇಷ್ಟೇ ನಮ್ಮ ಅಪರಾಧ. ಕಂದು ಬಣ್ಣದ ಬೀರು, ಮೇಲೆ ಎರಡು ಬೆರಳು ನೊರೆ, ನಾಲಿಗೆಯ ತುದಿಗೆ ಸಿಹಿ, ಗಂಟಲಲ್ಲಿ ಇಳಿಯುವಾಗ ಸುಟ್ಟ ರೊಟ್ಟಿಯ ಅಂಚಿನ ಹಾಗೆ ಸಣ್ಣ ಕಹಿ. ಪರವಾನಗಿ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನಲ್ಲಿ. ನಿಮ್ಮದೇ ಮೊಹರು, ನನ್ನದೇ ಚೌಕಟ್ಟು. ನಿಮ್ಮವರು ಒಳಗೆ ಬಂದವರೇ ಮೊದಲು ಸುತ್ತಿಗೆ ಹಾಕಿದ್ದು ಅದಕ್ಕೆ.

ನೀವು ದಾಳಿಯನ್ನೇ ಮಾಡಬಾರದೆಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ಇಪ್ಪತ್ತಮೂರು ವರ್ಷದ ಹಿಂದೆ ನನ್ನ ತಮ್ಮ ಕಳ್ಳಭಟ್ಟಿ ಕುಡಿದು ಸತ್ತ. ಬೆಳಿಗ್ಗೆ "ಅಕ್ಕ, ದೀಪ ಯಾಕೆ ಹಾಕಿಲ್ಲ?" ಎಂದು ಕೇಳಿದ. ಕಿಟಕಿಯ ತುಂಬ ಬಿಸಿಲಿತ್ತು. ಮಧ್ಯಾಹ್ನದ ಹೊತ್ತಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಹಿಡಿದುಕೊಳ್ಳಲು ಹೋದ ನನ್ನ ಕೈಯನ್ನು ಮೂಳೆ ಕಾಣುವಷ್ಟು ಕಚ್ಚಿದ. ಆ ಗುರುತು ಇನ್ನೂ ಇದೆ, ಬಂದರೆ ತೋರಿಸುತ್ತೇನೆ. ಆಗ ನಿಮ್ಮ ಕುರ್ಚಿಯಲ್ಲಿ ಕೂತಿದ್ದವರು ಏನು ಮಾಡಿದರು ಗೊತ್ತೇ? ವಿಷ ಕಾಯಿಸಿದವರನ್ನು ಬಿಟ್ಟು, ಎರಡು ಬೀದಿ ಆಚೆ ಹಣ್ಣಿನ ವಿನೆಗರ್ ಮಾಡುತ್ತಿದ್ದ ಮುದುಕನ ಪೀಪಾಯಿಗಳನ್ನು ಒಡೆಸಿ, ಪತ್ರಿಕೆಗೆ ಫೋಟೋ ಕೊಟ್ಟರು. ಆ ವಿಚಾರಣಾ ವರದಿಗೂ ರಟ್ಟು ಹಾಕಿದವಳು ನಾನೇ. ಐವತ್ತೆರಡನೆಯ ಪುಟದಲ್ಲಿ "ಹುದುಗಿಸುವುದಕ್ಕೂ ಬಟ್ಟಿ ಇಳಿಸುವುದಕ್ಕೂ ಇರುವ ವ್ಯತ್ಯಾಸವನ್ನು ಸಿಬ್ಬಂದಿಗೆ ತಿಳಿಸಿಕೊಡತಕ್ಕದ್ದು" ಎಂದಿದೆ. ಇಪ್ಪತ್ತಮೂರು ವರ್ಷ ಸಾಲಲಿಲ್ಲವೇ?

ಈ ವರ್ಷ ಮತ್ತೆ ಹನ್ನೊಂದು ಜನ ಸತ್ತರು. ಹಳೆಯ ಟೈರ್ ಗೋದಾಮಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಏನು ಕಾಯುತ್ತದೆಂದು ಬೀದಿನಾಯಿಗೂ ಗೊತ್ತು. ಎರಡು ಅರ್ಜಿ ಬರೆದಿದ್ದೇನೆ, ನಿಮ್ಮ ಕಚೇರಿಯ ಸ್ವೀಕೃತಿ ಮೊಹರು ಎರಡರ ಮೇಲೂ ಇದೆ. ಹೆಣಗಳು ಸಾಲಾಗಿ ಮಲಗಿದ ಮೇಲೆ ನಿಮಗೆ ಏನಾದರೂ ಮಾಡಿ ತೋರಿಸಲೇಬೇಕಾಯಿತು. ಟೈರ್ ಗೋದಾಮಿಗೆ ಹೋಗಲು ಧೈರ್ಯ ಬೇಕು. ಹುಳಿಯಣ್ಣನ ಅಂಗಡಿಗೆ ಬೋರ್ಡಿದೆ, ತೆರೆದ ಬಾಗಿಲಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ಗಾದೆಯಲ್ಲಿ ಕೇಳಿದ್ದೆ. ಆವತ್ತು ಬೆಂಚಿನ ಮೇಲೆ ಕೂತು ಕಣ್ಣಾರೆ ನೋಡಿದೆ.

ಒಳಗೆ ಇದ್ದವರು ನಾಲ್ಕೇ ಜನ: ಹುಳಿಯಣ್ಣ, ಅವನ ತಂಗಿ, ಬೀಗ ರಿಪೇರಿಯವನು, ನಾನು. ಮುಖಂಡರು "ಭಟ್ಟಿ ಎಲ್ಲಿ?" ಎಂದರು. ಹುಳಿಯಣ್ಣ, "ಭಟ್ಟಿ ಇಲ್ಲ ಸಾರ್, ಇದು ಬೀರು. ನಾವು ಬಟ್ಟಿ ಇಳಿಸಲ್ಲ" ಎಂದ. "ಎಲ್ಲಾ ಒಂದೇ ಕಣೋ" ಎಂದು ಕೆನ್ನೆಗೆ ಬಾರಿಸಿದರು. ಬೀಗದವನು ಎದ್ದು ನಿಂತು "ಪರವಾನಗಿ ನೋಡಿ ಮಾತಾಡಿ" ಎಂದದ್ದಕ್ಕೆ ಅವನ ಮುಖಕ್ಕೆ ಲೋಟ ಸಮೇತ ಗುದ್ದು ಬಿತ್ತು. ಗಾಜು ತುಟಿಯನ್ನು ಎರಡು ಭಾಗ ಮಾಡಿತು. ಅವನು ಕೂತ, ಕೆಂಪು ನೊರೆ ಉಗುಳುತ್ತ ಕೂತ. ಅಡ್ಡ ಬಂದ ತಂಗಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಒಬ್ಬ ಬಾಗಿಲವರೆಗೆ ನೆಲದ ಮೇಲೆ ಎಳೆದ. ಕಪಾಟಿನ ಲೋಟಗಳನ್ನೆಲ್ಲ ಕಬ್ಬಿಣದ ಸಲಾಕೆಯಿಂದ ಒಂದೇ ಬೀಸಿಗೆ ಗುಡಿಸಿ ಹಾಕಿದರು. ಅವಳು ಬಿದ್ದದ್ದು ಅದೇ ಗಾಜಿನ ಮೇಲೆ.

ಈಗ ಮುಖ್ಯ ವಿಷಯ, ನಿಧಾನವಾಗಿ ಓದಿ. ಬೀರು ಕೊನೆಯ ಹಂತಕ್ಕೆ ಬಂದಾಗ ಟ್ಯಾಂಕನ್ನು ಬಿಗಿಯಾಗಿ ಮುಚ್ಚುತ್ತಾರೆ. ಅದು ಉಸಿರು ಬಿಡುತ್ತಲೇ ಇರುತ್ತದೆ, ಆ ಗಾಳಿ ಹೊರಹೋಗಲು ದಾರಿಯಿಲ್ಲದೆ ಬೀರಿನೊಳಗೇ ಕರಗುತ್ತದೆ. ನೊರೆ ಬರುವುದು ಅದರಿಂದ. ಆ ದಿನಗಳಲ್ಲಿ ಮುಚ್ಚಳದ ಕೆಳಗೆ ಎರಡು ಎಮ್ಮೆಗಳು ತಲೆಕೊಟ್ಟು ತಳ್ಳುತ್ತಿರುವಷ್ಟು ಬಲವಿರುತ್ತದೆ. ಅಂಥ ಟ್ಯಾಂಕಿನ ಹಿಡಿಗೆ ಹುಳಿಯಣ್ಣ ಒಂದು ಕೆಂಪು ಬಟ್ಟೆ ಕಟ್ಟುತ್ತಾನೆ. ಬಟ್ಟೆ ಇರುವಷ್ಟು ದಿನ ಅವನ ತಂಗಿಯೂ ಅದನ್ನು ಮುಟ್ಟುವಂತಿಲ್ಲ. ಒಮ್ಮೆ ಬೀಗದವನು ಕುಡಿದ ಹುರುಪಿನಲ್ಲಿ ಅದಕ್ಕೆ ಒರಗಿಕೊಂಡಾಗ ಹುಳಿಯಣ್ಣ ಅವನನ್ನು ಕಾಲರ್ ಹಿಡಿದು ಆಚೆ ಎಳೆದು, ಒಂದು ವಾರ ಅಂಗಡಿಗೆ ಸೇರಿಸಿರಲಿಲ್ಲ. "ನನ್ನ ಹೆಂಡತಿಯೂ ಇಷ್ಟು ದಿನ ಆಚೆ ಹಾಕಿಲ್ಲ ಅಕ್ಕ" ಎಂದು ಅವನು ನನ್ನ ಅಂಗಡಿಗೆ ಬಂದು ಗೋಳಾಡಿದ್ದ.

ಆವತ್ತು ಮೂರನೆಯ ಟ್ಯಾಂಕಿಗೆ ಬಟ್ಟೆ ಕಟ್ಟಿತ್ತು. ನಿಮ್ಮ ಮುಖಂಡರು ಅದನ್ನು ಬಿಚ್ಚಿ ಕೈಗೆ ಹತ್ತಿದ ರಕ್ತ ಒರೆಸಿಕೊಂಡು ಎಸೆದರು. ನಡುವಯಸ್ಸಿನ ಒಬ್ಬ ಪೇದೆಗೆ ಸ್ಪ್ಯಾನರ್ ಕೊಟ್ಟು, "ಹತ್ತಿ ಬಿಚ್ಚು" ಎಂದರು. ಇಬ್ಬರ ಹಿಡಿತದಲ್ಲಿದ್ದ ಹುಳಿಯಣ್ಣ ಕಿರುಚಿದ: "ಬಿಚ್ಚಬೇಡಿ ಸಾರ್, ಒಳಗೆ ಒತ್ತಡ ಇದೆ! ಒಂದರ್ಧ ಗಂಟೆ ಕೊಡಿ, ನಾನೇ ಇಳಿಸಿ ತೆರೆದು ತೋರಿಸ್ತೀನಿ." ಹೊಟ್ಟೆಗೆ ಮೊಣಕಾಲು ಬಿತ್ತು. ಉಸಿರು ಸಿಕ್ಕ ಮೇಲೆ ಮತ್ತೆ ಹೇಳಿದ. ಪೇದೆ ಸ್ಟೂಲಿನ ಮೇಲೆ ಕೈ ತಡೆದು ಹಿಂದೆ ನೋಡಿದ. "ನಿನಗೆ ಸಂಬಳ ಕೊಡೋದು ಅವನಾ, ನಾವಾ?" ಎಂದರು ಮುಖಂಡರು. ಹುಳಿಯಣ್ಣ ಮೂರನೆಯ ಸಲ ಹೇಳಿದ. ಈ ಸಲ ಪೇದೆಗೇ, "ಅಣ್ಣ, ಬೇಡ ಅಣ್ಣ, ಸತ್ತುಹೋಗ್ತೀಯ" ಎಂದ. ಪೇದೆ ಮೊದಲ ಬೋಲ್ಟ್ ಬಿಚ್ಚಿದ. ಎರಡನೆಯದು ಬಿಚ್ಚಿದ. ಮೂರನೆಯದನ್ನು ಬಿಚ್ಚಬೇಕಾಗಿ ಬರಲಿಲ್ಲ.

ಮುಚ್ಚಳ ಅವನ ದವಡೆಯನ್ನು ಹೊತ್ತುಕೊಂಡೇ ಮೇಲೆ ಹೋಯಿತು ಎಂದು ನನಗೆ ಆ ಕ್ಷಣ ಅನಿಸಿತು. ಮಾಡಿನ ತಗಡು ಹರಿಯಿತು. ಬೀರು ಕಂಬದ ಹಾಗೆ ಎದ್ದು ನಮ್ಮೆಲ್ಲರ ಮೇಲೆ ಸುರಿಯಿತು. ಪೇದೆ ನೆಲದ ಮೇಲೆ, ಮೊಣಕಾಲುದ್ದದ ನೊರೆಯಲ್ಲಿ, ಗಲ್ಲವಿರಬೇಕಾದ ಜಾಗವನ್ನು ಎರಡೂ ಕೈಯಿಂದ ಹುಡುಕುತ್ತಿದ್ದ. ನಾನು ಅವನ ತಲೆಯನ್ನು ತೊಡೆಯ ಮೇಲೆ ಓರೆಯಾಗಿ ಇಟ್ಟುಕೊಂಡು, ಗಂಟಲಿಗೆ ಇಳಿಯುತ್ತಿದ್ದ ಹಲ್ಲುಗಳನ್ನು ಬೆರಳು ಹಾಕಿ ತೆಗೆದೆ. ನಿಮ್ಮ ದಳದವರು ಆಗ ಏನು ಮಾಡುತ್ತಿದ್ದರು? ಆಂಬುಲೆನ್ಸ್ ಕರೆದದ್ದು ತುಟಿ ಹರಿದ ಬೀಗದವನು. ನಿಮ್ಮವರು ಹುಳಿಯಣ್ಣನನ್ನು ಬೂಟಿನಿಂದ ತುಳಿಯುತ್ತಿದ್ದರು. ಪಕ್ಕೆಲುಬು ಮುರಿದ ಸದ್ದು ಹೊಸ ರಟ್ಟನ್ನು ಮೊದಲ ಸಲ ಮಡಚಿದ ಹಾಗಿತ್ತು. ಆಮೇಲೆ ಮುಖಂಡರು ಅವನ ಬಲಗೈಯನ್ನು ಟ್ಯಾಂಕಿನ ಅಂಚಿನ ಮೇಲೆ ಒತ್ತಿ ಹಿಡಿಸಿದರು. "ಇದೇ ಕೈ ತಾನೇ ಕಲಸೋದು?" ಎಂದರು. ಸುತ್ತಿಗೆ ನಾಲ್ಕು ಸಲ ಇಳಿಯಿತು. ನಾನು ಎಣಿಸಿದೆ, ಹಾಳೆ ಎಣಿಸಿ ಎಣಿಸಿ ಆದ ಅಭ್ಯಾಸ.

ನಿಮ್ಮ ಪ್ರಕಟಣೆಯಲ್ಲಿ "ಸಿಬ್ಬಂದಿಯ ಪ್ರಾಣ ತೆಗೆಯುವ ದುರುದ್ದೇಶದಿಂದ ಇರಿಸಲಾಗಿದ್ದ ಸ್ಫೋಟಕ ಪಾತ್ರೆ" ಎಂದಿದೆ. ಎಂಥ ಗದ್ಯ! ಸ್ಫೋಟಕ ಇಟ್ಟವನು, ಮುಟ್ಟಬೇಡಿ ಎಂದು ಮೂರು ಸಲ ಬೇಡಿಕೊಂಡನೇ? ನಿಮ್ಮ ನಿಯಮಾವಳಿಯ ನಲವತ್ತೊಂದನೆಯ ನಿಯಮ ಹೇಳುತ್ತದೆ: ಒತ್ತಡದಲ್ಲಿರುವ ಪಾತ್ರೆಯನ್ನು ಅದರ ಉಸ್ತುವಾರಿಯವನಿಂದಲೇ ಇಳಿಸಿ ತೆರೆಸತಕ್ಕದ್ದು. ಆ ಹಾಳೆ ನನಗೆ ಚೆನ್ನಾಗಿ ನೆನಪಿದೆ, ಅಚ್ಚಿನವರು ತಲೆಕೆಳಗಾಗಿ ಕಳಿಸಿದ್ದರು, ತಿರುಗಿಸಿ ಹೊಲಿದವಳು ನಾನು. ತಿರುಗಿಸದೇ ಬಿಟ್ಟಿದ್ದರೂ ನಿಮಗೆ ವ್ಯತ್ಯಾಸವಾಗುತ್ತಿರಲಿಲ್ಲ. ಇನ್ನೊಂದು ಮಾತು. ಹುಳಿಯಣ್ಣ ಹದಿನಾಲ್ಕು ವರ್ಷದಿಂದ ಸಾಕಿಕೊಂಡು ಬಂದ, ಬೀರು ಹುದುಗಿಸುವ ಹೆಪ್ಪಿನ ಗಾಜಿನ ಜಾಡಿಯನ್ನು "ವಿಷವೆಂದು ಶಂಕಿತ" ಎಂಬ ಚೀಟಿ ಅಂಟಿಸಿ, ಬಾಯಿಗೆ ಅರಗು ಬಿಗಿದು ಒಯ್ದಿದ್ದೀರಿ. ಅದೂ ಉಸಿರಾಡುತ್ತದೆ. ನಿಮ್ಮ ಕಪಾಟಿನಲ್ಲಿ ಅದು ಸಿಡಿದ ದಿನ ಕೊಲೆಯತ್ನದ ಮೊಕದ್ದಮೆ ಯಾರ ಮೇಲೆ?

ಆಸ್ಪತ್ರೆಯಲ್ಲಿ ಮಂಚಗಳು ಕಡಿಮೆ. ಹಾಗಾಗಿ ಕೊಲ್ಲಲು ಹೊರಟನೆನ್ನುವವನನ್ನೂ ಸಾಯಬೇಕಿದ್ದವನನ್ನೂ ಎದುರುಬದುರು ಮಲಗಿಸಿದ್ದರು, ಒಬ್ಬನ ಕಾಲಿಗೆ ಬೇಡಿ, ಇನ್ನೊಬ್ಬನ ದವಡೆಗೆ ತಂತಿ. ಹುಳಿಯಣ್ಣನ ತಂಗಿಯೊಂದಿಗೆ ನಾನು ಹೋದಾಗ ಹುಳಿಯಣ್ಣ ಪೇದೆಯೊಂದಿಗೆ ಮಾತಾಡುತ್ತಿದ್ದ.

"ವಾಸಿಯಾಗಲಿ ಅಣ್ಣ, ಆ ಟ್ಯಾಂಕಿಂದೇ ಒಂದು ಲೋಟ ಕುಡಿಸ್ತೀನಿ. ಥೂ, ಅದನ್ನ ಚರಂಡಿ ಕುಡೀತಲ್ಲ."

ಪೇದೆಗೆ ನಗು ಬಂತು. ನಗಲು ಹೋಗಿ ನೋವಿಗೆ ಕಣ್ಣಲ್ಲಿ ನೀರು ಹರಿಯಿತು. ಆಮೇಲೆ ಅವನು ನನ್ನ ತುರುಬಿನ ಕಡೆ ಬೆರಳು ಮಾಡಿದ. ಅಲ್ಲಿ ಯಾವಾಗಲೂ ಒಂದು ಪೆನ್ಸಿಲ್ ಸಿಕ್ಕಿಸಿರುತ್ತೇನೆ. ಕೊಟ್ಟೆ. ಔಷಧಿ ಚೀಟಿಯ ಹಿಂಬದಿಗೆ ಹೀಗೆ ಬರೆದ: "ಅವರು ಬೇಡ ಅಂದರು. ಮೂರು ಸಲ ಅಂದರು. ನಾನು ಬಿಚ್ಚಿದ್ದು ಹುಕುಂ ಮೇಲೆ. ಯಾರು ಕೇಳಿದರೂ ತೋರಿಸಿ." ಕೆಳಗೆ ಸಹಿ, ತಾರೀಖು. ವಾರ್ಡಿನ ನರ್ಸ್ ಸಾಕ್ಷಿ ಸಹಿ ಹಾಕಿದರು. ಅದನ್ನು ಪೊಲೀಸ್ ಠಾಣೆಗೆ ಒಯ್ದರೆ "ಅಬಕಾರಿ ಕಚೇರಿಯಿಂದ ಪತ್ರ ಬರಲಿ" ಎಂದರು. ನಿಮ್ಮ ಕಚೇರಿಗೆ ತಂದರೆ "ಠಾಣೆಯವರು ಕೇಳಲಿ" ಎಂದರು. ಮೂರನೆಯ ದಿನ ಪೇದೆಯ ಮಂಚ ಖಾಲಿ. "ಉತ್ತಮ ಚಿಕಿತ್ಸೆಗಾಗಿ" ಎಲ್ಲಿಗೋ ಸಾಗಿಸಿದ್ದೀರಂತೆ. ಎಲ್ಲಿಗೆಂದು ಅವನ ಹೆಂಡತಿಗೂ ಹೇಳಿಲ್ಲ. ಆಕೆ ನಿನ್ನೆ ನನ್ನ ಅಂಗಡಿಗೆ ಬಂದು, "ಅವರ ಅಕ್ಷರ ಒಂದ್ಸಲ ನೋಡಬೇಕು ಅಕ್ಕ" ಎಂದು ಕೇಳಿ, ಚೀಟಿ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದಳು.

ಆದ್ದರಿಂದ ಮಾನ್ಯರೇ, ವಿನಯ ಸಾಕು. ಆ ಪೇದೆ ಎಲ್ಲಿದ್ದಾನೆ? ಗಾಯವಾದದ್ದು ಅವನಿಗೆ, ಮೊಕದ್ದಮೆ ಅವನ ಹೆಸರಿನಲ್ಲಿ. ಅವನ ಹೇಳಿಕೆಯನ್ನೇ ಯಾಕೆ ದಾಖಲಿಸಿಲ್ಲ? ಸ್ಪ್ಯಾನರ್ ಕೊಟ್ಟ ಕೈ, ಸುತ್ತಿಗೆ ಎತ್ತಿದ ಕೈ ಒಂದೇ ಎಂದು ನಾವು ಮೂವರು ಪ್ರಮಾಣ ಮಾಡಿ ಹೇಳಲು ಸಿದ್ಧರಿದ್ದೇವೆ. ಆ ಕೈ ಇನ್ನೂ ಯಾಕೆ ನಿಮ್ಮ ಹಾಜರಿ ಪುಸ್ತಕದಲ್ಲಿ ಸಹಿ ಹಾಕುತ್ತಿದೆ? ತಗಡಿನ ಶೆಡ್ಡಿನ ಹೊಗೆ ಈ ಬೆಳಿಗ್ಗೆಯೂ ಏಳುತ್ತಿತ್ತು; ನಿಮ್ಮ ಕಿಟಕಿಯಿಂದ ಕಾಣುವುದಿಲ್ಲವೇ?

ದವಡೆಗೆ ತಂತಿ ಬಿಗಿದ ಮನುಷ್ಯ ನಾಲ್ಕು ಸಾಲಿನಲ್ಲಿ ಸತ್ಯ ಹೇಳಿದ. ನಿಮ್ಮ ದವಡೆ ನೆಟ್ಟಗಿದೆ. ಗುರುವಾರ ನ್ಯಾಯಾಲಯ ಕೂರುವ ಮುನ್ನ, ಇದೇ ಪತ್ರಿಕೆಯಲ್ಲಿ, ಅವನನ್ನು ಹುಡುಕುತ್ತಿರುವ ಹೆಂಡತಿಯೂ ಓದುವಂತೆ, ಉತ್ತರ ಕೊಡಿ.

ಇಂತಿ,
ನಿಮ್ಮ ನಿಯಮಾವಳಿಗೆ ರಟ್ಟು ಹಾಕಿ, ಒಳಗಿನದನ್ನೂ ಓದಿಬಿಟ್ಟ ತಪ್ಪಿಗೆ ಈಗ ನಿಮಗೇ ಓದಿ ಹೇಳಬೇಕಾಗಿ ಬಂದ
ರಟ್ಟಿನ ಅಂಗಡಿಯವಳು