ಹಸಿರು ಪ್ಯಾಕೆಟ್ಟಿನ ಬಿಸ್ಕತ್ತು

ಅಪ್ಪಾ,

ಮಾತ್ರೆಯನ್ನು ತಿಂಡಿಗೆ ಮೊದಲೇ ನುಂಗಿ. ಹೆಚ್ಚಿದ ಸೌತೆಕಾಯಿ ಟೀವಿ ಪಕ್ಕದಲ್ಲೇ ಇದೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವುದು ನಿಮ್ಮೊಬ್ಬರ ಅಭ್ಯಾಸವಲ್ಲ, ಎಲ್ಲರದ್ದೂ.

ಬಿಸ್ಕತ್ತಿನ ಡಬ್ಬಿ ಹುಡುಕಬೇಡಿ, ಖಾಲಿ ಮಾಡಿದ್ದೇನೆ. ರಕ್ತದಲ್ಲಿ ಸಕ್ಕರೆ ಇಷ್ಟೇಕೆ ಏರಿತು ಎಂದು ನಿನ್ನೆ ಡಾಕ್ಟರು ಕೇಳಿದಾಗ ನೀವು, "ಬಿಸ್ಕತ್ತೊಂದೇ ಡಾಕ್ಟ್ರೇ, ಅದೂ ಹಸಿರು ಪ್ಯಾಕೆಟ್ಟಿಂದು. ನನ್ ಮಗಳ ಕಂಪನೀದೇ, ಮೋಸ ಇರಲ್ಲ" ಅಂದಿರಿ. ನಾನು ಪಕ್ಕದಲ್ಲೇ ಕೂತಿದ್ದೆ, ತುಟಿ ಬಿಚ್ಚಲಿಲ್ಲ.

'ಸಕ್ಕರೆ ಬೆರೆಸಿಲ್ಲ' ಎಂದು ಅದರ ಮೇಲೆ ಬರೆದಿರುವುದು ಸುಳ್ಳಲ್ಲ. ಆದರೆ ಮೈದಾ, ಖರ್ಜೂರದ ಪಾಕ ಎರಡೂ ಹೊಟ್ಟೆಗೆ ಹೋದ ಮೇಲೆ ಸಕ್ಕರೆಯೇ. ಮಾರಾಟಕ್ಕೆ ಬಿಡುವ ಮೊದಲು ಕಂಪನಿಯಲ್ಲಿ ಒಂದೇ ಬಿಸ್ಕತ್ತನ್ನು ಐದು ಬಣ್ಣದ ಪ್ಯಾಕೆಟ್ಟುಗಳಲ್ಲಿ ಜನರಿಗೆ ಕೊಟ್ಟು ಪರೀಕ್ಷಿಸಿದ್ದೆವು. ಹಸಿರು ಸಿಕ್ಕವರು ಆರೋಗ್ಯಕ್ಕೆ ಒಳ್ಳೆಯದೆಂದು ಎರಡರ ಬದಲು ನಾಲ್ಕು ತಿಂದರು. ಹಸಿರನ್ನೇ ಇಡಿ ಎಂದು ವರದಿ ಬರೆದವಳು ನಾನು. ತಿನ್ನುವವರಲ್ಲಿ ನೀವೂ ಇರುತ್ತೀರಿ ಎಂದು ಆಗ ಹೊಳೆಯಲೇ ಇಲ್ಲ.

ಸಂಜೆ ಆರು ಗಂಟೆಗೆ ಬರುತ್ತೇನೆ, ಸಿದ್ಧವಾಗಿರಿ. ಡಾಕ್ಟರ ಹತ್ತಿರ ಮತ್ತೆ ಹೋಗಿ ಇದನ್ನೆಲ್ಲ ನಾನೇ ಹೇಳುತ್ತೇನೆ. ದಾರಿಯುದ್ದಕ್ಕೂ ಬೈಯುವುದಿದ್ದರೆ ಬೈಯಿರಿ. ಅಲ್ಲಿ ಮಾತ್ರ ನನ್ನನ್ನು ಹೊಗಳಬೇಡಿ.