ಶಾಂತಿಯೂಟದ ಕುರಿಗಳು

ರೋಣ, ಜುಲೈ ೨೦೨೫

ಊರ ಹಿರಿಯರಾದ ಮಲ್ಲೇಶಪ್ಪಗೌಡರಿಗೆ ಮಲಿಕಸಾಬ ಮುಲ್ಲಾನ ಸಲಾಮು.

ಊರು ಬಿಟ್ಟು ರೋಣದಲ್ಲಿರುವ ನನಗೆ ನೀವು ಫೋನಿನಲ್ಲಿ, "ಊರು ಶಾಂತ ಆಗೇತಿ. ಸಿರಿಯಾ ದೇಶದ ಮ್ಯಾಲಿನ ನಿರ್ಬಂಧ ತಗದ್ರಲ್ಲ, ಹಂಗ ನಾವೂ ನಿಮ್ಮ ಸಾಬರ ಮಂದಿ ಮ್ಯಾಲಿನ ಬಹಿಷ್ಕಾರ ತಗದೀವಿ. ಶಾಂತಿಯೂಟಕ್ಕ ಕುರಿ ಕೊಯ್ಯಾಕ ಬಾ" ಅಂದಿರಿ. ಊರಲ್ಲಿ ಯಾರ ಮನೆಯ ಊಟವಾದರೂ ಕುರಿ ಕೊಯ್ಯುವವನು ಮುಲ್ಲಾನೇ ಅಲ್ಲವೇ? ಬರುತ್ತೇನೆ.

ಕುರಿಗಳನ್ನು ಹಿತ್ತಲಲ್ಲಿ ಕಟ್ಟಿಸಿ, ನೀರು ಕುಡಿಸಿ. ಒಂದರ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದೆಂಬುದು ನಮ್ಮ ಕಟ್ಟಳೆ. ಬಹಿಷ್ಕಾರದ ದಿನಗಳಲ್ಲಿ ಜೋಳ ಬೀಸಿಕೊಡಿ ಎಂದು ಗಿರಣಿಗೆ ಹೋದ ನನ್ನ ಮಗ ಫರ್ದೀನನನ್ನು ನಿಮ್ಮ ಮಗ ಬೀರಲಿಂಗ ಕೆಡವಿ ಕತ್ತು ಕೊಯ್ದಾಗ, ಅವನ ತಾಯಿ ಮದರಬಿ ಬುಟ್ಟಿ ಹಿಡಿದು ಎದುರಿಗೇ ನಿಂತಿದ್ದಳು. ಅವನ ಬಾಯಿಗೆ ಬಿಡಲು ಅವಳು ನೀರು ಬೇಡಿದಳು. ಯಾರೂ ಕೊಡಲಿಲ್ಲ, ಬಹಿಷ್ಕಾರವಿತ್ತಲ್ಲ.

ನಾನು ಚೂರಿ ತರುವುದಿಲ್ಲ. ಅವತ್ತು ಬೀರಲಿಂಗ ನಮ್ಮ ಮನೆಗೆ ನುಗ್ಗಿ ಗಿರಣಿಗೆ ಒಯ್ದದ್ದು ನಾನು ಕುರಿ ಕೊಯ್ಯುವ ಚೂರಿಯನ್ನೇ. ಅದು ಪೊಲೀಸರಿಗೆ ಸಿಗಲಿಲ್ಲವೆಂದು ಅವನಿಗೆ ಜಾಮೀನಾಯಿತು. ನಿಮ್ಮ ಮನೆಯಲ್ಲಿದೆಯೆಂದು ಊರಿಗೆಲ್ಲ ಗೊತ್ತು. ಅದನ್ನೇ ಹೊರಗೆ ತನ್ನಿ. ತೊಳೆಯಬೇಡಿ. ಊಟಕ್ಕೆ ಕೂತ ಊರಿನ ಮುಂದೆ ನಾನೇ ತೊಳೆಯುತ್ತೇನೆ.

ಇಂತಿ, ನಿಮ್ಮೂರಿನ ಮುಲ್ಲಾ
ಮಲಿಕಸಾಬ