ಫ್ಯೂಸು ಕೀಳದೆ ತಂತಿ ಮುಟ್ಟದ ಅಪ್ಪನಿಗೆ

ಅಪ್ಪಾ,

ಇವತ್ತು ಶಿರಾದಲ್ಲಿ ಇಸಿಜಿ ಮಾಡಿಸಿಕೊಂಡೆ. ಅಂಗಿ ಬಿಚ್ಚಿ ಮಲಗಿದೆ, ಎದೆಗೆ ತಣ್ಣಗೆ ಜೆಲ್ ಹಚ್ಚಿ ತಂತಿ ಸಿಕ್ಕಿಸಿದರು, ಐದು ನಿಮಿಷಕ್ಕೆ ಚೀಟಿ ಬಂತು. ನೋವಿಲ್ಲ, ಕಾವಿಲ್ಲ. ಇದಕ್ಕೇನಾ ನೀನು ಮೂರು ವರ್ಷದ ಹಿಂದೆ, ಎದೆನೋವಿಟ್ಟುಕೊಂಡು, ಮಧುಗಿರಿಯ ಆಸ್ಪತ್ರೆಯಿಂದ "ಟೀ ಕುಡ್ಕಂಡ್ ಬತ್ತೀನಿ" ಎಂದು ಕೊರಟಗೆರೆ ಬಸ್ಸು ಹತ್ತಿದ್ದು?

ಮೂವತ್ತು ವರ್ಷ ಲೈನ್‌ಮನ್ ಆಗಿ ಕಂಬ ಹತ್ತಿದವನು ಇಸಿಜಿಯ ಕ್ಲಿಪ್ಪು ಕಂಡು ಕಂಗಾಲಾದೆಯಲ್ಲ! "ಫ್ಯೂಸ್ ಕಿತ್ತು ನನ್ ಜೇಬಲ್ಲಿ ಇಟ್ಕಳ್ದೆ ತಂತಿ ಮುಟ್ದೋನಲ್ಲ ಕಣ್ಲಾ. ಇಲ್ಲಿ ಸ್ವಿಚ್ಚು ಯಾರ್ ಕೈಲೈತೆ?" ಅಂದೆ ನೀನು. ಸಾಲಿನಲ್ಲಿದ್ದವರೆಲ್ಲ ನಕ್ಕರು. "ಮಾನ ಕಳೀಬೇಡ, ಸುಮ್ನೆ ಕೂತ್ಕ" ಎಂದು ನಾನು ಗದರಿದೆ. ಆಮೇಲೆ ನೀನಿದ್ದದ್ದು ಹನ್ನೆರಡೇ ದಿನ.

ಇವತ್ತು ನನ್ನ ಪಕ್ಕದಲ್ಲಿದ್ದ ಮೂಡಲಗಿರಿಯಪ್ಪ ಎಂಬ ಹಿರಿಯರೂ ತಂತಿ ನೋಡಿ, "ಕರೆಂಟ್ ಹೊಡೆಯಾಕಿಲ್ವಾ ಸ್ವಾಮಿ?" ಎನ್ನುತ್ತಾ ಎದ್ದು ಹೊರಟರು. ಕೈ ಹಿಡಿದು ಕೂರಿಸಿದೆ.

"ಅದು ಕರೆಂಟ್ ಕೊಡಾಕಿಲ್ಲ ಯಜಮಾನ್ರೇ, ನಮ್ ಎದೆ ಬಡಿತ ಬರ್ಕಳ್ತದೆ ಅಷ್ಟೆ. ಮೊದ್ಲು ನಂಗೆ ಹಾಕ್ತಾರೆ, ಪಕ್ಕದಲ್ಲೇ ನಿಂತ್ಕಂಡ್ ನೋಡಿ."

ನರ್ಸು ಗೊಣಗುತ್ತಲೇ ಒಪ್ಪಿದರು. ನಾನು ಮಲಗಿದ್ದಷ್ಟು ಹೊತ್ತೂ ಆ ಹಿರಿಯರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಎದ್ದ ಮೇಲೆ ತಾವೇ ಅಂಗಿಯ ಗುಂಡಿ ಬಿಚ್ಚಿದರು.

ನನ್ನದು ನಾರ್ಮಲ್. ಅವರ ಚೀಟಿ ನೋಡಿದ ಡಾಕ್ಟರು ಕೂಡಲೇ ತುಮಕೂರಿಗೆ ಆಂಬುಲೆನ್ಸ್‌ನಲ್ಲಿ ಕಳಿಸಿದರು, ಸರಿಯಾದ ಹೊತ್ತಿಗೆ ಬಂದಿರಿ ಎಂದರು. ಆಂಬುಲೆನ್ಸ್ ಹತ್ತುವ ಮೊದಲು, ಹಿರಿಯರ ಜೊತೆ ಬಂದಿದ್ದ ಮಗ ನನ್ನ ಕಡೆ ತಿರುಗಿ ಕೈ ಮುಗಿದ.

ಅಪ್ಪಾ, ತಿರುಗಿ ಮುಗಿಯಲು ನನಗೆ ಕೈ ಎತ್ತಲಾಗಲಿಲ್ಲ.